ಮರದ ಹಾಯಿಕಂಬ, ಮೂರು ತೂತು, ಒಂದು ಟ್ಯೂಬ್ ಸಿಲಿಕೋನ್

"ಹಳೇ ಮರದ ಹಾಯಿಕಂಬದೊಳಗೆ ಹೊಸ ವೈರ್ ಎಳೆಯೋದಾ? ಅರ್ಧ ದಿನದ ಕೆಲಸ" ಅಂತ ಯಾರಾದರೂ ಹೇಳಿದರೆ, ಮೊದಲು ಅವರ ಕೈಯಲ್ಲಿರೋ ಡ್ರಿಲ್ ಮೆಷಿನ್ ಕಿತ್ತಿಟ್ಟುಕೊಳ್ಳಿ. ಮಾತುಕತೆ ಆಮೇಲೆ.

ಗೊತ್ತು, ಈ ಬ್ಲಾಗಿಗೆ ಬರೋ ನಿಮ್ಮಲ್ಲಿ ಯಾರ ಹತ್ತಿರವೂ ಹಾಯಿದೋಣಿ ಇರಲಿಕ್ಕಿಲ್ಲ. ನನ್ನ ಹತ್ತಿರವೂ ಇಲ್ಲ. ಸಿಯಾಟಲ್‌ಗೆ ಬಂದ ಮೇಲೆ ನಮ್ಮ ಟೀಮಿನ ಹಿರಿಯರೊಬ್ಬರ ದೋಣಿಗೆ ಶನಿವಾರ ಶನಿವಾರ ಕೂಲಿಗೆ ಹೋಗ್ತೀನಿ, ಸಂಬಳ ಕಾಫಿ. ಅವರನ್ನ ಇಲ್ಲಿ ಯಜಮಾನರು ಅಂತ ಕರೆಯೋಣ. ದೋಣಿ 1962ರದ್ದು, ಹನ್ನೊಂದು ಮೀಟರ್ ಉದ್ದ, ಪೂರ್ತಿ ಮರ. ಅದರ ಕಂಬ ಹದಿನಾಲ್ಕು ಮೀಟರ್. (ಮಾಸ್ಟ್‌ಗೆ ಕನ್ನಡ ನಿಘಂಟಿನಲ್ಲಿ 'ಕೂವೆ' ಅನ್ನೋ ಚೆಂದದ ಪದ ಇದೆ. ಬಳಸೋಣ ಅಂದ್ರೆ ನೀವು ಕೂವೆ ಗೆಡ್ಡೆಯ ಹಿಟ್ಟು ಅಂದುಕೊಳ್ತೀರಿ ಅಂತ ಭಯ. ಹಾಗಾಗಿ ಹಾಯಿಕಂಬ.) ಈ ವಸಂತದಲ್ಲಿ ಕ್ರೇನ್ ತರಿಸಿ ಕಂಬ ಕೆಳಗಿಳಿಸಿದೆವು. ಇಳಿಸಿದ ಮೇಲೆ ಕಂಡಿದ್ದನ್ನ ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಈ ಪೋಸ್ಟು.

ಕೆಲವು ವರ್ಷದ ಹಿಂದೆ ಒಂದು ಬೋಟ್‌ಯಾರ್ಡಿನವರು ಈ ಕಂಬಕ್ಕೆ 'ಹೊಸ ವೈರಿಂಗ್' ಮಾಡಿಕೊಟ್ಟಿದ್ದರು. ಹೆಸರು ಬೇಡ. ಕಂಬ ಇಳಿಸಿದರೆ ಕ್ರೇನ್ ಖರ್ಚು ಬರುತ್ತದೆ, ನಿಂತಲ್ಲೇ ಮಾಡೋಣ ಅಂತ ಒಬ್ಬನನ್ನ ಹಗ್ಗದ ಕುರ್ಚಿಯಲ್ಲಿ ಕೂರಿಸಿ ಮೇಲೆ ಎಳೆದು, ಅಡ್ಡತೋಳಿನ ಬುಡದಲ್ಲಿ, ಅಂದರೆ ಸ್ಪ್ರೆಡರ್ ಕೆಳಗೆ, ಒಂದೇ ಎತ್ತರದಲ್ಲಿ ಮೂರು ತೂತು ಕೊರೆಸಿದ್ದಾರೆ. ಮೂರಕ್ಕೂ ಬಿಳೀ ಸಿಲಿಕೋನ್ ಮೆತ್ತಿದ್ದಾರೆ. ಒಳಗೆ ಹೋಗಿದ್ದು ಮನೆ ಗೋಡೆಯೊಳಗೆ ಹಾಕೋ ಗಟ್ಟಿ ಒಂಟಿ ತಂತಿ. ಸ್ಕ್ರೂಡ್ರೈವರ್ ತುದಿಯಿಂದ ತೂತಿನ ಪಕ್ಕ ಒತ್ತಿದರೆ ಎರಡು ಸೆಂಟಿಮೀಟರ್ ಸಲೀಸಾಗಿ ಒಳಗೆ ಹೋಯಿತು, ಹಳೇ ಬ್ರೆಡ್ಡಿಗೆ ಚಮಚ ಚುಚ್ಚಿದ ಹಾಗೆ. ಆ ಕಂಬಕ್ಕೆ ಅರವತ್ತು ವರ್ಷ ಲಡ್ಡು ಹಿಡಿದಿರಲಿಲ್ಲ ಸ್ವಾಮೀ. ತೂತು ಬಿದ್ದ ಕೆಲವೇ ವರ್ಷಕ್ಕೆ ಹಿಡಿಯಿತು.

ಇದರ ಮೇಲೆ ಅದೇ ಯಾರ್ಡಿನವರು ಬಂದು ನೋಡಿ ತಲೆಯಾಡಿಸಿ ಹೇಳಿದ್ದು: "ಮರ ಅಂದ್ರೆ ಹೀಗೇ. ಅಲ್ಯೂಮಿನಿಯಂ ಕಂಬ ಹಾಕಿಸಿಬಿಡಿ." ಜೊತೆಗೆ ಕೊಟೇಶನ್ನು!

ಯಜಮಾನರು ಅದನ್ನ ಗಂಭೀರವಾಗಿ ಯೋಚಿಸುತ್ತಿದ್ದಾರೆ ಅನ್ನೋದೇ ನನ್ನ ಸಂಕಟ.

ಮೊದಲು ಒಂದು ಭ್ರಮೆ ಕಳಚಬೇಕು. ದೋಣಿಯ ಮರ ಕೊಳೆಯೋದು ಸಮುದ್ರದ ನೀರಿನಿಂದ ಅಂತ ಎಲ್ಲರೂ ಅಂದುಕೊಂಡಿರ್ತಾರೆ. ಹೆಚ್ಚಾಗಿ ಅಲ್ಲ. ಮರ ಕೊಳೆಸೋದು ಒಂದು ಬಗೆಯ ಬೂಷ್ಟು, ಅದಕ್ಕೆ ಉಪ್ಪುನೀರು ಅಷ್ಟಾಗಿ ಒಗ್ಗೋಲ್ಲ. ಅದಕ್ಕೆ ಬೇಕಾದ್ದು ಸಿಹಿನೀರು, ಅಂದರೆ ಮಳೆ. ಮರದ ತೇವಾಂಶ 20%ರ ಒಳಗಿದ್ದರೆ ಬೂಷ್ಟು ಏನೂ ಮಾಡಲಾರದು. 28-30% ದಾಟಿ ಅಲ್ಲೇ ನಿಂತರೆ ಊಟ ಶುರು. ಸಿಯಾಟಲ್‌ನ ಮಳೆ ಹೇಗಿರುತ್ತೆ ಅಂತ ಇಲ್ಲಿರೋ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ನಮ್ಮ ಆಗುಂಬೆ ಥರ ಸುರಿದು ಮುಗಿಸೋಲ್ಲ, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ತೊಟ್ಟಿಕ್ಕುತ್ತಲೇ ಇರುತ್ತೆ. ಬೂಷ್ಟಿಗೆ ಇದಕ್ಕಿಂತ ಒಳ್ಳೇ ಹಾಸ್ಟೆಲ್ ಬೇಕಾ?

ಇನ್ನು ತೂತಿನ ವಿಚಾರ. ಮರ ಅಂದರೆ ಉದ್ದುದ್ದ ಕೊಳವೆಗಳ ಕಟ್ಟು. ಪಕ್ಕದ ಮೈಯಿಂದ ನೀರು ಒಳಗೆ ಹೋಗೋದು ನಿಧಾನ, ಅದರಲ್ಲೂ ಮೇಲೆ ಏಳೆಂಟು ಪದರ ವಾರ್ನಿಶ್ ಇದ್ದರೆ ಇನ್ನೂ ನಿಧಾನ. ಆದರೆ ಅಡ್ಡಡ್ಡ ಕೊಯ್ದರೆ ಆ ಕೊಳವೆಗಳ ಬಾಯಿ ತೆರೆದುಕೊಳ್ಳುತ್ತೆ. ಅಲ್ಲಿಂದ ಹಲವು ಪಟ್ಟು ಜೋರಾಗಿ ಹೀರುತ್ತೆ. ಡ್ರಿಲ್ ಬಿಟ್ಟು ಕೊರೆದ ಪ್ರತಿ ತೂತಿನ ಒಳಮೈಯಲ್ಲಿ ಮೇಲೆ ಕೆಳಗೆ ಎರಡೂ ಕಡೆ ಇಂಥಾ ಬಾಯಿಗಳು. ಅದರ ಮೇಲೆ ಸಿಲಿಕೋನ್ ಮೆತ್ತೋದು ಅಂದರೆ ಏನು? ಮರ ಬೇಸಿಗೆಗೆ ಕುಗ್ಗುತ್ತೆ, ಚಳಿಗಾಲಕ್ಕೆ ಹಿಗ್ಗುತ್ತೆ. ಸಿಲಿಕೋನ್ ಮರವನ್ನ ಬಿಗಿಯಾಗಿ ಹಿಡಿಯೋಲ್ಲ, ಅಂಚು ಬಿಡುತ್ತೆ. ನೀರು ಒಳಗೆ ಹೋಗಲು ಒಂದು ಕೂದಲೆಳೆ ದಾರಿ ಸಾಕು. ಆವಿಯಾಗಿ ಹೊರಗೆ ಬರಲು ಅದೇ ದಾರಿ ಸಾಲೋಲ್ಲ. ತೂತು ಹಾಗೇ ಬಿಟ್ಟಿದ್ದರೂ ಗಾಳಿಗೆ ಒಣಗುತ್ತಿತ್ತೇನೋ. ಜೊತೆಗೆ ಸಿಲಿಕೋನ್ ಒಮ್ಮೆ ತಾಗಿದ ಜಾಗದಲ್ಲಿ ಆಮೇಲೆ ವಾರ್ನಿಶೂ ಕೂರೋಲ್ಲ, ಅಂಟೂ ಕೂರೋಲ್ಲ. ಮರದ ಕಂಬಕ್ಕೆ ಸಿಲಿಕೋನ್ ಹಚ್ಚೋರ ಮೇಲೆ ಕೇಸು ಹಾಕೋ ಕಾನೂನು ಬರಬೇಕು ಅನ್ನೋದು ನನ್ನ ವೈಯಕ್ತಿಕ ಅಭಿಪ್ರಾಯ :-)

ಒಂದೇ ಎತ್ತರದಲ್ಲಿ ಮೂರು ತೂತು ಅನ್ನೋದಂತೂ ಇಂಜಿನಿಯರಿಂಗ್ ಓದಿದ ಯಾರಿಗಾದರೂ ಮೈ ಉರಿಸುತ್ತೆ. ಹಾಯಿಕಂಬ ಅಂದರೆ ಸುತ್ತ ತಂತಿಗಳು ಬಿಗಿದು ಕೆಳಕ್ಕೆ ಒತ್ತುತ್ತಿರೋ ಉದ್ದ ಕಂಬ, ಬಾಗದ ಹಾಗೆ ಅದನ್ನ ನಡುವೆ ತಡೆಯೋ ಜಾಗ ಅಡ್ಡತೋಳು. ಅಲ್ಲೇ ಸುತ್ತ ಮೂರು ತೂತು ಮಾಡೋದು ಅಂದರೆ ಪೋಸ್ಟಲ್ ಸ್ಟಾಂಪಿನ ಅಂಚಿನ ಥರ "ಇಲ್ಲಿ ಹರಿಯಿರಿ" ಅಂತ ಗುರುತು ಹಾಕಿದ ಹಾಗೆ. ಮೂರು ತೂತು ಬೇಕೇ ಬೇಕಿದ್ದರೆ ಒಂದರ ಮೇಲೊಂದು ದೂರ ದೂರ ಕೊರೆಯಬಹುದಿತ್ತಲ್ಲ.

ಇನ್ನೊಂದು ಬಣದವರ ಮೇಲೂ ನನಗೆ ಕೋಪ ಇದೆ. ಇಲ್ಲಿಂದ ಸ್ವಲ್ಪ ದೂರದ ಪೋರ್ಟ್ ಟೌನ್ಸೆಂಡ್ ಊರಲ್ಲಿ 1977ರಿಂದ ಪ್ರತಿ ಸೆಪ್ಟೆಂಬರಿನಲ್ಲಿ ಮರದ ದೋಣಿಗಳ ಜಾತ್ರೆ ನಡೆಯುತ್ತೆ. ತೇರಿಲ್ಲ ಅನ್ನೋದು ಬಿಟ್ಟರೆ ಪಕ್ಕಾ ಜಾತ್ರೆ. ಅಲ್ಲಿ ಈ ಬಣದವರು ಸಿಗುತ್ತಾರೆ. "ಮರದ ಕಂಬಕ್ಕೆ ತಾಮ್ರ ಮುಟ್ಟಿಸೋದೇ ಪಾಪ. ಲಂಗರು ಹಾಕಿದಾಗ ಸೀಮೆಎಣ್ಣೆ ಲಾಂದ್ರ ಹಗ್ಗಕ್ಕೆ ಕಟ್ಟಿ ಏರಿಸಿ, ಅದೇ ಸಂಪ್ರದಾಯ" ಅಂತಾರೆ. ಸಂಪ್ರದಾಯ ಅಂದ ಕೂಡಲೇ ನಮ್ಮ ಕಡೆಯವರಿಗೂ ಒಂದು ಭಕ್ತಿ ಬಂದುಬಿಡುತ್ತೆ, ಅದಕ್ಕೆ ಸ್ವಲ್ಪ ಇತಿಹಾಸ.

ಇಂಗ್ಲೆಂಡಿನ ಪ್ಲಿಮತ್ ಊರಲ್ಲಿ ವಿಲಿಯಂ ಸ್ನೋ ಹ್ಯಾರಿಸ್ ಅಂತ ಒಬ್ಬ ಡಾಕ್ಟರಿದ್ದ. ಆಗ ಮರದ ಹಡಗುಗಳಿಗೆ ಸಿಡಿಲು ಬಡಿದು ಕಂಬಗಳು ಸೀಳಿಹೋಗೋದು ಮಾಮೂಲಾಗಿತ್ತು. ಮೋಡ ಕವಿದಾಗ ಕಂಬದ ತುದಿಗೆ ಏರಿಸೋ ಸರಪಳಿಗಳಿದ್ದವು, ಆದರೆ ಅವು ಬಹಳ ಸಲ ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದವು. ಬಿರುಗಾಳಿ ಬರೋ ಹೊತ್ತಿಗೆ ಸರಪಳಿ ಹುಡುಕೋಕೆ ಯಾರಿಗೆ ಪುರುಸೊತ್ತು! ಹ್ಯಾರಿಸ್ 1820ರಲ್ಲಿ ಹೇಳಿದ್ದು ಇಷ್ಟೇ: ತಾಮ್ರದ ಪಟ್ಟಿಯನ್ನ ಕಂಬದಲ್ಲೇ ಶಾಶ್ವತವಾಗಿ ಕೂರಿಸಿ, ಹಡಗಿನ ಒಡಲಿನ ಮೂಲಕ ಸಮುದ್ರಕ್ಕೆ ಮುಟ್ಟಿಸಿ. ಡಾರ್ವಿನ್ ಹೋದ ಬೀಗಲ್ ಹಡಗು 1831ರಲ್ಲಿ ಹೊರಟಾಗ ಅದರ ಕಂಬಗಳಲ್ಲಿ ಹ್ಯಾರಿಸನ ತಾಮ್ರ ಇತ್ತು. ಆದರೂ ಬ್ರಿಟಿಷ್ ನೌಕಾಪಡೆ ಇದನ್ನ ಪೂರ್ತಿ ಒಪ್ಪಿಕೊಳ್ಳೋಕೆ ಎರಡು ದಶಕಕ್ಕೂ ಹೆಚ್ಚು ಎಳೆದಾಡಿತು. ಕೊನೆಗೆ 1847ರಲ್ಲಿ ಅವನಿಗೆ ಸರ್ ಪದವಿ ಸಿಕ್ಕಿತು. ಅಂದರೆ ಮರದ ಕಂಬದಲ್ಲಿ ತಾಮ್ರ ಇಳಿಸೋ 'ಪಾಪ'ಕ್ಕೆ ಇನ್ನೂರು ವರ್ಷದ ಪರಂಪರೆ ಇದೆ. ಸೀಮೆಎಣ್ಣೆ ಲಾಂದ್ರವೇ ಅದರ ಮುಂದೆ ಹೊಸಬ! (ದೀಪದ ವೈರು ಸಿಡಿಲಿಗೆ ದಾರಿ ಆಗೋಲ್ಲ, ಅದರ ಲೆಕ್ಕವೇ ಬೇರೆ. ಯಾರೂ ಹಾಗೆ ಓದಿಕೊಳ್ಳಬೇಡಿ.)

ಮತ್ತೆ, ದೀಪ ಅನ್ನೋದು ಅಲಂಕಾರ ಅಲ್ಲ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ ಲಂಗರು ಹಾಕಿದ ಇಂಥಾ ದೋಣಿ ಸುತ್ತಲೂ ಕಾಣೋ ಬಿಳಿ ದೀಪ ತೋರಿಸಬೇಕು, ಅದು ಎರಡು ನಾಟಿಕಲ್ ಮೈಲಿ ದೂರಕ್ಕೆ ಕಾಣಬೇಕು. ಇಪ್ಪತ್ತು ಮೀಟರಿಗಿಂತ ಚಿಕ್ಕ ಹಾಯಿದೋಣಿ ಕೆಂಪು, ಹಸಿರು, ಬಿಳಿ ಮೂರನ್ನೂ ಒಂದೇ ದೀಪದಲ್ಲಿ ಸೇರಿಸಿ ಕಂಬದ ತುದಿಯಲ್ಲಿ ಹಾಕಿಕೊಳ್ಳಬಹುದು. ಅಲೆಯ ಮರೆಯಲ್ಲಿ ಮುಚ್ಚಿಹೋಗೋಲ್ಲ, ಒಂದೇ ಬಲ್ಬು. ಪ್ಯೂಜೆಟ್ ಸೌಂಡ್‌ನಲ್ಲಿ ರಾತ್ರಿ ಕಂಟೇನರ್ ಹಡಗು, ಕಾರು ತುಂಬಿಕೊಂಡ ಫೆರಿ ಎಲ್ಲಾ ಓಡಾಡುತ್ತವೆ. ಗಾಳಿಗೆ ಲಾಂದ್ರ ಆರಿದ್ದು ಒಳಗೆ ಮಲಗಿದವರಿಗೆ ಗೊತ್ತಾಗೋಲ್ಲ, ಎದುರು ಬರೋ ಹಡಗಿಗೂ ಗೊತ್ತಾಗೋಲ್ಲ. ಅಂದಹಾಗೆ ಈ ಸಂಪ್ರದಾಯಸ್ಥರ ಕ್ಯಾಬಿನ್ನಿನೊಳಗೆ ಜಿಪಿಎಸ್ಸೂ ಇದೆ, ಫ್ರಿಜ್ಜೂ ಇದೆ. ಮಡಿ ಕಂಬಕ್ಕೆ ಮಾತ್ರ.

ಆಫೀಸಿನ ಹುಡುಗರ ಸಲಹೆ ಬೇರೆ: "ವೈರ್ ಯಾಕೆ, ಬ್ಯಾಟರಿ ದೀಪ ಇಟ್ಟು ಬ್ಲೂಟೂತಿನಲ್ಲಿ ಆನ್ ಮಾಡಿ." ಹದಿನಾಲ್ಕು ಮೀಟರ್ ಹತ್ತಿ ಬ್ಯಾಟರಿ ಬದಲಿಸೋದು ಯಾರು ಮಾರಾಯ? ರೇಡಿಯೋ ಆಂಟೆನಾಗೆ ಹೇಗಿದ್ದರೂ ಕೇಬಲ್ ಬೇಕೇ ಬೇಕು.

ಈಗ ಲೆಕ್ಕ. ಲೆಕ್ಕ ಬೇಡದವರು ಈ ಪ್ಯಾರಾ ಹಾರಿಸಿ. ಸ್ವಿಚ್ ಬೋರ್ಡಿನಿಂದ ಕಂಬದ ತುದಿಗೆ ಇಪ್ಪತ್ತು ಮೀಟರ್, ಹೋಗಿ ಬರೋಕೆ ನಲವತ್ತು. ಹಳೇ ಕಾಲದ 25 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 2.1 ಆಂಪಿಯರ್ ಎಳೆಯುತ್ತೆ. 1.5 ಚದರ ಮಿಲಿಮೀಟರ್ ತಂತಿ ಹಾಕಿದರೆ ದಾರಿಯ ರೋಧ 0.46 ಓಂ, ದಾರಿಯಲ್ಲೇ ಒಂದು ವೋಲ್ಟಿನ ಹತ್ತಿರ ಖಾಲಿ, ಅಂದರೆ 8%. ತಂತಿ ಬಲ್ಬಿನಲ್ಲಿ 8% ವೋಲ್ಟೇಜ್ ಹೋದರೆ ಹೆಚ್ಚುಕಡಿಮೆ ಕಾಲು ಭಾಗ ಬೆಳಕು ಹೋದ ಹಾಗೆ. ಸಂಚಾರ ದೀಪಗಳಿಗೆ 3%ಗಿಂತ ಹೆಚ್ಚು ಇಳಿಯಬಾರದು ಅನ್ನೋದು ಅಮೆರಿಕದ ದೋಣಿ ಕಟ್ಟೋರ ಮಾನದಂಡ. ಅದಕ್ಕೆ 4 ಚದರ ಮಿಲಿಮೀಟರ್ ತಂತಿ ಬೇಕು. ಹಾಗಾದರೆ ಕಂಬದೊಳಗೆ ಒಂದು ಸರ್ಕ್ಯೂಟಿಗೆ ಬರೀ ತಾಮ್ರವೇ ಒಂದು ಕೆಜಿ, ಮೂರು ಸರ್ಕ್ಯೂಟಿಗೆ ಮೂರು ಕೆಜಿ, ಅದೂ ದೋಣಿ ವಾಲುವಾಗ ಭಾರ ಇರಲೇಬಾರದ ಜಾಗದಲ್ಲಿ. ಈಗ ಎಲ್‌ಇಡಿ ಹಾಕಿ. 2 ವ್ಯಾಟ್, 0.17 ಆಂಪಿಯರ್, ಅದೇ 1.5ರ ತಂತಿಯಲ್ಲಿ ಇಳಿಯೋದು 1%ಕ್ಕೂ ಕಡಿಮೆ. ಮೂರೂ ಸರ್ಕ್ಯೂಟ್ ಸೇರಿ ಒಂದು ಕೆಜಿ ಚಿಲ್ಲರೆ. ಅಂದರೆ ತೂತು ಚಿಕ್ಕದು ಸಾಕು. ಇಂಥಾ ಕಂಬಗಳ ಪಾಲಿಗೆ ಎಲ್‌ಇಡಿಯಷ್ಟು ಉಪಕಾರ ಮಾಡಿದ್ದು ಬೇರೆ ಯಾವುದೂ ಇಲ್ಲ.

ಎಲ್‌ಇಡಿಗೂ ಒಂದು ಕಾಟ ಇದೆ. ಕಳಪೆ ಎಲ್‌ಇಡಿಯ ಒಳಗಿನ ಸರ್ಕ್ಯೂಟು ರೇಡಿಯೋ ಗದ್ದಲ ಎಬ್ಬಿಸಿ ವಿಎಚ್‌ಎಫ್ ಕೇಳಿಸದ ಹಾಗೆ ಮಾಡಬಹುದು. 2018ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಇದರ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತು. ದೀಪ ಆರಿಸಿ, ಹಚ್ಚಿ, ರೇಡಿಯೋ ಸದ್ದು ಬದಲಾಗುತ್ತಾ ಅಂತ ಕಂಬ ನೆಲದ ಮೇಲಿರುವಾಗಲೇ ನೋಡಿಕೊಳ್ಳಬೇಕು. ಆಂಟೆನಾ ಕೇಬಲ್ಲಿನಲ್ಲೂ ಜಿಪುಣತನ ಬೇಡ. ತೆಳ್ಳಗಿನ ಆರ್‌ಜಿ-58 ಹಾಕಿದರೆ 25 ವ್ಯಾಟ್ ರೇಡಿಯೋದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಆ ಹದಿನೈದು-ಇಪ್ಪತ್ತು ಮೀಟರಿನಲ್ಲೇ ಕರಗಿಹೋಗುತ್ತೆ. ಸಹಾಯಕ್ಕೆ ಕೂಗೋದು ಅದೇ ರೇಡಿಯೋದಲ್ಲಿ ಅನ್ನೋದು ನೆನಪಿರಲಿ.

ಸರಿ, ಬೈಯೋದೇ ಆಯ್ತು, ಹೇಗೆ ಮಾಡಬೇಕು ಹೇಳಪ್ಪಾ ಅಂತೀರಾ?

ಕಂಬ ಇಳಿಸಿ. ಇದರಲ್ಲಿ ರಾಜಿ ಇಲ್ಲ. ನಮ್ಮ ಯಜಮಾನರ ಕಂಬ ಸಿಟ್ಕಾ ಸ್ಪ್ರೂಸ್ ಮರದ್ದು. ಇಲ್ಲಿಂದ ಅಲಾಸ್ಕಾವರೆಗಿನ ಕರಾವಳಿಯಲ್ಲಿ ಬೆಳೆಯೋ ಮರ, ಹಗುರ ಆದರೂ ಗಟ್ಟಿ. ಮೊದಲ ಮಹಾಯುದ್ಧದಲ್ಲಿ ವಿಮಾನ ಕಟ್ಟೋಕೆ ಇದೇ ಮರ ಬೇಕು ಅಂತ ಅಮೆರಿಕದ ಸೈನ್ಯ ಈ ಕಾಡುಗಳಿಗೆ ಸೈನಿಕರನ್ನೇ ಕಳಿಸಿ ಕಡಿಸಿತ್ತು. ನಾಲ್ಕು ಹಲಗೆ ಅಂಟಿಸಿ ಮಾಡಿದ ಟೊಳ್ಳು ಕಂಬ ಇದು. ಆದರೆ ಪೂರ್ತಿ ಟೊಳ್ಳಲ್ಲ. ಬುಡದಲ್ಲಿ, ತುದಿಯಲ್ಲಿ, ಅಡ್ಡತೋಳಿನ ಜಾಗದಲ್ಲಿ ಒಳಗೆ ಮರದ ದಿಮ್ಮಿ ತುಂಬಿರುತ್ತೆ. ವೈರ್ ಎಳೆಯೋರ ಯಮ ಈ ದಿಮ್ಮಿಗಳೇ. ಕಟ್ಟಿದವನು ಪುಣ್ಯಾತ್ಮನಾಗಿದ್ದರೆ ದಿಮ್ಮಿಯಲ್ಲಿ ಮೊದಲೇ ಕಂಡಿ ಬಿಟ್ಟಿರುತ್ತಾನೆ. ಇದೆಯೋ ಇಲ್ಲವೋ ಅಂತ ಊಹೆ ಮಾಡಬೇಡಿ. ಉದ್ದ ಕೇಬಲ್ಲಿನ ತುದಿಗೆ ಕಣ್ಣಿರೋ ಎಂಡೋಸ್ಕೋಪ್ ಕ್ಯಾಮೆರಾ ಈಗ ಅಗ್ಗಕ್ಕೆ ಸಿಗುತ್ತೆ, ಫೋನಿಗೆ ಚುಚ್ಚಿ ನೋಡಿ. ಹಾಯಿಯ ಹಳಿ ಕೂರಿಸಿದ ಸ್ಕ್ರೂಗಳ ಮೂತಿ ಒಳಗೆ ಚಾಚಿಕೊಂಡಿದ್ದರೆ ಅದೂ ಕಾಣುತ್ತೆ, ವೈರಿನ ಸಿಪ್ಪೆ ಸುಲಿಯೋ ಹಲ್ಲುಗಳು ಅವು.

ಹಳೇ ವೈರನ್ನ ದಯವಿಟ್ಟು ಹಾಗೇ ಎಳೆದು ಬಿಸಾಕಬೇಡಿ. ಅದೇ ನಿಮ್ಮ ಸೂಜಿ. ಮೊದಲು ಅಲ್ಲಾಡಿಸಿ ನೋಡಿ, ಒಂದು ಗೇಣು ಸಲೀಸಾಗಿ ಆಚೀಚೆ ಸರಿದರೆ ಅದರ ಬಾಲಕ್ಕೆ ಗಟ್ಟಿ ದಾರ ಕಟ್ಟಿ ಎಳೆಯಿರಿ. ಗಂಟು ಉಬ್ಬದ ಹಾಗೆ ಟೇಪ್ ಸುತ್ತಿ ಕೂರಿಸಿ. ದಾರದಿಂದ ಹೊಸ ವೈರು, ಹೊಸ ವೈರಿನ ಜೊತೆ ಇನ್ನೊಂದು ಖಾಲಿ ದಾರ. ಆ ಖಾಲಿ ದಾರ ಒಳಗೇ ಇರಲಿ, ಮುಂದೆ ಇನ್ನೊಬ್ಬ ಬಂದು ನಿಮಗೆ ಕೈ ಮುಗಿಯುತ್ತಾನೆ. ವೈರು ನುಣುಪು ಎಳೆಗಳದ್ದಿರಬೇಕು, ಎಳೆಗಳಿಗೆ ತವರದ ಲೇಪ ಇರಬೇಕು. ಬರೀ ತಾಮ್ರವಾದರೆ ಉಪ್ಪುಗಾಳಿಗೆ ಸಿಪ್ಪೆಯ ಒಳಗೊಳಗೇ ಹಸಿರು ಏರುತ್ತೆ. ಮನೆಯ ಒಂಟಿ ತಂತಿ ಅಲುಗಾಟಕ್ಕೆ ಸುಸ್ತಾಗಿ ತುಂಡಾಗುತ್ತೆ. ಇದು ಯಾವ ದೋಣಿ ಎಲೆಕ್ಟ್ರಿಷಿಯನ್‌ಗೂ ಗೊತ್ತಿರೋ ಮೊದಲ ಪಾಠ, ಆ ಯಾರ್ಡಿನವರಿಗೆ ಗೊತ್ತಿರಲಿಲ್ಲ ಅಂತ ನಾನು ನಂಬೋಲ್ಲ. ಗೋದಾಮಿನಲ್ಲಿ ಉಳಿದಿದ್ದ ಸುರುಳಿ ಖಾಲಿ ಮಾಡಿದ್ದಾರೆ, ಅಷ್ಟೇ.

ಟೊಳ್ಳು ಕಂಬದೊಳಗೆ ವೈರು ಸಡಿಲ ಬಿಟ್ಟರೆ ರಾತ್ರಿಯಿಡೀ ಟಕ್ ಟಕ್ ಟಕ್. ಅದಕ್ಕೊಂದು ಚೆಂದದ ಉಪಾಯ: ಅರ್ಧರ್ಧ ಮೀಟರಿಗೆ ಮೂರು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು, ಬಾಲ ಕತ್ತರಿಸದೆ ಮೂರು ದಿಕ್ಕಿಗೆ ಬಿಡೋದು. ಮುಳ್ಳುಹಂದಿ ಥರ ಒಳಗೋಡೆಗೆ ಒತ್ತಿಕೊಂಡು ವೈರು ನಡುವೆ ನಿಲ್ಲುತ್ತೆ. ತುದಿಯಲ್ಲಿ ವೈರಿನ ಭಾರ ದೀಪದ ಕನೆಕ್ಷನ್ ಮೇಲೆ ಬೀಳದ ಹಾಗೆ ಬೇರೆ ಕಟ್ಟಬೇಕು. ಬುಡದಲ್ಲಿ ನೀರು ಬಸಿಯೋ ಕಂಡಿ ಇರುತ್ತೆ, ವೈರಿನ ಕಟ್ಟನ್ನ ಅದರೊಳಗೇ ತುರುಕಿ ಮುಚ್ಚಬಾರದು. ಇದನ್ನ ಎಷ್ಟು ಕಡೆ ನೋಡಿದ್ದೀನಿ!

ತೂತು ಕೊರೆಯಲೇಬೇಕಾದ ಕಡೆ: ಬೇಕಾದ್ದಕ್ಕಿಂತ ದೊಡ್ಡದು ಕೊರೆದು, ಒಳಮೈಗೆ ತೆಳು ಎಪಾಕ್ಸಿ ಕುಡಿಸಿ, ಆಮೇಲೆ ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಚಿಕ್ಕ ತೂತು. ಆಗ ವೈರಿನ ಸುತ್ತ ಮರವೇ ಇಲ್ಲ, ಎಪಾಕ್ಸಿಯ ಬಳೆ ಇದೆ. ಹೊರಗಿನಿಂದ ಒಳಗೆ ಮೇಲ್ಮುಖವಾಗಿ ಓರೆ ಇರಲಿ. ವೈರು ಹೊರಬಂದಲ್ಲಿ ಒಂದು ಸಣ್ಣ ಜೋಲು ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಲಿ. ಇದಿಷ್ಟಕ್ಕೆ ಎರಡು ದಿನ ಹೆಚ್ಚು ಬೇಕು. ಅರ್ಧ ದಿನದಲ್ಲಿ ಯಾಕೆ ಆಗೋಲ್ಲ ಅಂತ ಈಗ ಗೊತ್ತಾಯ್ತಾ?

ದಿಮ್ಮಿಯಲ್ಲಿ ಕಂಡಿಯೇ ಇಲ್ಲ, ಅಥವಾ ಕಂಬ ಪೂರ್ತಿ ಗಟ್ಟಿ ಮರ ಅಂದರೆ? ಹಿಂಭಾಗದಲ್ಲಿ ಉದ್ದಕ್ಕೂ ಕಾಲುವೆ ತೋಡಿ ವೈರು ಹೂತು ಮುಚ್ಚೋರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ನಮ್ಮ ಅಜ್ಜನ ಮನೆಯ ವೈರಿಂಗ್ ನೆನಪಾಗುತ್ತೆ: ಮರದ ಪಟ್ಟಿ, ಅದರ ಮೇಲೆ ಓಡೋ ವೈರು, ತಗಡಿನ ಕ್ಲಿಪ್ಪು. ಕಂಬ, ತೊಲೆ ಒಂದಕ್ಕೂ ಕಂಡಿ ಕೊರೆದಿರಲಿಲ್ಲ. ಗಟ್ಟಿ ಹಾಯಿಕಂಬಕ್ಕೂ ಹಾಗೇ, ಹೊರಮೈ ಮೇಲೆ ತೆಳ್ಳನೆ ಮರದ ಪಟ್ಟಿಯೊಂದನ್ನ ಅಂಟಿಸಿ ಅದರ ಕೆಳಗೆ ವೈರು ಓಡಿಸಿ, ಮೇಲೆ ವಾರ್ನಿಶ್ ಹೊಡೆಯಿರಿ. ಸ್ವಲ್ಪ ಕಾಣುತ್ತೆ, ಕಾಣಲಿ ಬಿಡಿ. ಕಂಬ ಉಳಿಯುತ್ತಲ್ಲ.

ಈಗ ಅಲ್ಯೂಮಿನಿಯಂ ಕೊಟೇಶನ್ನಿಗೆ ಉತ್ತರ. ಕೊಳೆತಿರೋದು ಮೂರು ತೂತಿನ ಸುತ್ತ ಒಂದೆರಡು ಗೇಣು, ಅಷ್ಟೇ. ಉಳಿದ ಹದಿಮೂರೂವರೆ ಮೀಟರ್ ತಟ್ಟಿದರೆ ಗಂಟೆ ಹಾಗೆ ಕೇಳುತ್ತೆ. ಕೊಳೆತದ್ದನ್ನ ಕೊಯ್ದು, ಒಂದಕ್ಕೆ ಹನ್ನೆರಡರ ಓರೆಯಲ್ಲಿ ಹೊಸ ಸ್ಪ್ರೂಸ್ ಹಲಗೆ ಕಸಿ ಮಾಡಬಹುದು. ಗೋಡೆ ದಪ್ಪ ಮೂರು ಸೆಂಟಿಮೀಟರ್, ಅಂದರೆ ಆಚೆ ಈಚೆ ಮೂವತ್ತಾರು ಮೂವತ್ತಾರು ಸೆಂಟಿಮೀಟರ್ ಓರೆ. ಸರಿಯಾಗಿ ಅಂಟಿಸಿದರೆ ಹಳೇ ಮರದಷ್ಟೇ ನೆಚ್ಚಿಕೊಳ್ಳಬಹುದು. ಅಲ್ಯೂಮಿನಿಯಂ ಕಂಬ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಹೊಸ ದೋಣಿಗೆ ಹಾಕಿಕೊಳ್ಳಲಿ. ಆದರೆ ತಾವೇ ತೂತು ಕೊರೆದು, ತಾವೇ ಕೊಳೆಸಿ, ಮರಕ್ಕೆ ಬೈದು, ಅದರ ಮೇಲೆ ಹೊಸ ಕಂಬ ಮಾರೋದು ವ್ಯಾಪಾರ ಅಲ್ಲ. ನಮ್ಮ ಕೆಲಸದಲ್ಲೂ ಇಂಥವರಿದ್ದಾರೆ. ಇಪ್ಪತ್ತು ವರ್ಷ ಓಡಿದ ಕೋಡಿಗೆ ಎರಡು ವಾರ ಕೈ ಹಾಕಿ ಕೆಡಿಸಿ, "ಲೆಗಸಿ ಸಾರ್, ಪೂರ್ತಿ ಹೊಸದಾಗಿ ಬರೆಯಬೇಕು" ಅಂತ ಎಸ್ಟಿಮೇಟ್ ಕೊಡೋರು. ನೀವೂ ನೋಡಿರ್ತೀರಿ.

ಯಜಮಾನರು ತಿಂಗಳ ಕೊನೆಯೊಳಗೆ ತೀರ್ಮಾನ ಹೇಳಬೇಕು, ಕ್ರೇನ್ ಬುಕ್ ಮಾಡೋಕೆ. ಈ ಪೋಸ್ಟಿನ ಇಂಗ್ಲಿಷ್ ಸಾರಾಂಶ ಅವರಿಗೆ ಈಗಾಗಲೇ ಮೂರು ಸಲ ಒಪ್ಪಿಸಿದ್ದೀನಿ. ನಿನ್ನೆ ಫೋನ್ ಮಾಡಿ "ಆ ಸ್ಪ್ರೂಸ್ ಹಲಗೆ ಎಷ್ಟಾಗುತ್ತೆ ವಿಚಾರಿಸು" ಅಂದರು. ಒಪ್ಪಿದ ಹಾಗೇ ಅಂತ ನಾನು ಲೆಕ್ಕ ಹಾಕಿಕೊಂಡಿದ್ದೀನಿ. ಹದಿನಾಲ್ಕು ಮೀಟರ್ ಕಂಬದೊಳಗೆ ವೈರು ಎಳೆಯೋಕೆ ಆ ತುದಿಗೊಬ್ಬರು, ಈ ತುದಿಗೊಬ್ಬರು, ನಡುವೆ ಕ್ಯಾಮೆರಾ ಹಿಡಿಯೋಕೆ ಇನ್ನೊಬ್ಬರು ಬೇಕು. ಸಿಯಾಟಲ್ ಕಡೆಯ ಬ್ಲಾಗಿಗರು ಯಾರಾದರೂ ಶನಿವಾರ ಖಾಲಿ ಇದ್ದರೆ ಹೇಳಿ. ಚಿತ್ರಾನ್ನ ನಾನು ತರ್ತೀನಿ. ಸಿಲಿಕೋನ್ ಮಾತ್ರ ಯಾರೂ ತರಬೇಡಿ.